ಒತ್ತಡ ಪರೀಕ್ಷೆಯ ನೀರನ್ನು ಹೊರಬಿಡುವುದು ಹೇಗೆ: ಟ್ಯಾಂಕ್ ಮತ್ತು ಪೈಪ್‌ಲೈನ್ ಕೆಲಸದವರಿಗೆ ಸಮಗ್ರ ಮಾರ್ಗದರ್ಶಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಮಗಾರಿಗಳಲ್ಲಿ ಒಂದೇ ತಪ್ಪು ಮರುಕಳಿಸುತ್ತಿದೆ. ಅದು ಹಳ್ಳಿಯ ಕುಡಿಯುವ ನೀರಿನ ಕೊಳವೆಯಿರಲಿ, ಎಸ್ಟೇಟಿನ ನೀರಾವರಿ ಪೈಪ್ ಇರಲಿ, ಡೀಸೆಲ್ ತುಂಬುವ ಉಕ್ಕಿನ ಟ್ಯಾಂಕ್ ಇರಲಿ, ನೀರು ತುಂಬಿ, ಒತ್ತಡ ಏರಿಸಿ, ಸೋರಿಕೆ ಇಲ್ಲವೆಂದು ಇಂಜಿನಿಯರ್ ಸಹಿ ಹಾಕಿದ ಕೂಡಲೇ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಲಕ್ಷಗಟ್ಟಲೆ ಲೀಟರ್ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಏಳುವುದು ಡ್ರೈನ್ ವಾಲ್ವ್‌ನ ಚಕ್ರದ ಮೇಲೆ ಕೈಯಿಟ್ಟ ಮೇಲೆಯೇ, ಮತ್ತು ಆಗ ಸಿಗುವ ಉತ್ತರ ಸಾಮಾನ್ಯವಾಗಿ ಪಕ್ಕದ ಚರಂಡಿ ಅಥವಾ ಕೆಳಗಿನ ಹಳ್ಳ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿನ ಮೊದಲ ಐದು ಹಂತಗಳು ನೀರು ತುಂಬುವುದಕ್ಕೆ ಮುಂಚೆಯೇ ಮುಗಿಯಬೇಕಾದವು. ಅವನ್ನು ಹಿಂದುಮುಂದು ಮಾಡಿದರೆ ಉಳಿದವು ಉಪಯೋಗಕ್ಕೆ ಬರುವುದಿಲ್ಲ.

ಹಂತ 1: ನೀರು ಎಷ್ಟು ಎಂಬುದನ್ನು ಲೆಕ್ಕ ಹಾಕಿ

ಒಳವ್ಯಾಸವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 0.785ರಿಂದ ಗುಣಿಸಿ, ಬಂದದ್ದನ್ನು ಉದ್ದದಿಂದ ಅಥವಾ ಎತ್ತರದಿಂದ ಗುಣಿಸಿದರೆ ಘನ ಮೀಟರ್ ಸಿಗುತ್ತದೆ. 300 ಮಿ.ಮೀ. ವ್ಯಾಸದ ಒಂದು ಕಿಲೋಮೀಟರ್ ಕೊಳವೆಯಲ್ಲಿ ಸುಮಾರು 70 ಘನ ಮೀಟರ್, ಅಂದರೆ 70,000 ಲೀಟರ್ ನೀರಿರುತ್ತದೆ. ವ್ಯಾಸ 600 ಮಿ.ಮೀ. ಆದರೆ ಅದು ನಾಲ್ಕು ಪಟ್ಟಾಗಿ 280 ಘನ ಮೀಟರ್ ದಾಟುತ್ತದೆ. 10 ಮೀಟರ್ ವ್ಯಾಸದ ಟ್ಯಾಂಕಿಗೆ 8 ಮೀಟರ್ ಎತ್ತರ ನೀರು ತುಂಬಿದರೆ 628 ಘನ ಮೀಟರ್.

ಈ ಅಂಕಿ ಇಲ್ಲದೆ ಜಾಗ ಆರಿಸಲು, ಅನುಮತಿ ಕೇಳಲು, ನೀರಿಗೆ ಸೇರಿಸುವ ರಾಸಾಯನಿಕದ ಪ್ರಮಾಣ ನಿರ್ಧರಿಸಲು ಯಾವುದಕ್ಕೂ ಆಗುವುದಿಲ್ಲ. 'ಸುಮಾರು ಐದಾರು ಟ್ಯಾಂಕರ್' ಎಂದು ಬಾಯಿಮಾತಿನಲ್ಲಿ ಹೇಳುವ ಅಂದಾಜನ್ನು ಒಪ್ಪಿಕೊಳ್ಳಬೇಡಿ.

ಹಂತ 2: ನೀರಿಗೆ ಏನೇನು ಸೇರಲಿದೆ ಎಂದು ಪಟ್ಟಿ ಮಾಡಿ

ಹೊಸ ಉಕ್ಕಿನ ಕೊಳವೆಯಲ್ಲಿ ವೆಲ್ಡಿಂಗ್ ಕಿಟ್ಟ, ಉಕ್ಕಿನ ಮೇಲಿನ ಕಪ್ಪು ಪೊರೆ, ತುಕ್ಕು, ಜೋಡಿಸುವಾಗ ಒಳಸೇರಿದ ಮಣ್ಣು ಇರುತ್ತವೆ. ಇವೆಲ್ಲ ಹೆಚ್ಚಾಗಿ ನೀರಿನಲ್ಲಿ ತೇಲುವ ಅಥವಾ ತಳಕ್ಕಿಳಿಯುವ ಕಣಗಳು, ಸೋಸಿದರೆ ಹೋಗುತ್ತವೆ. ಎಣ್ಣೆ, ಡೀಸೆಲ್, ರಾಸಾಯನಿಕ ಇಟ್ಟಿದ್ದ ಹಳೆಯ ಟ್ಯಾಂಕನ್ನು ದುರಸ್ತಿಯ ನಂತರ ಪರೀಕ್ಷಿಸುವಾಗ ಮಾತು ಬೇರೆ. ಅಲ್ಲಿ ಕರಗಿದ ಹೈಡ್ರೋಕಾರ್ಬನ್ (ಪೆಟ್ರೋಲ್, ಡೀಸೆಲ್‌ಗಳಲ್ಲಿರುವ ಎಣ್ಣೆಯ ಅಂಶ) ಇರುತ್ತದೆ, ಸೋಸುವ ಚೀಲ ಅದನ್ನು ಹಿಡಿಯುವುದಿಲ್ಲ. ಅಮೆರಿಕದ ಟೆಕ್ಸಾಸ್, ಲೂಸಿಯಾನಾ ರಾಜ್ಯಗಳು ಒತ್ತಡ ಪರೀಕ್ಷೆಯ ನೀರಿಗೆಂದೇ ಪ್ರತ್ಯೇಕವಾದ 'ಸಾಮಾನ್ಯ ಪರವಾನಗಿ' (ಒಂದೇ ಬಗೆಯ ಎಲ್ಲ ವಿಸರ್ಜನೆಗಳಿಗೂ ಅನ್ವಯಿಸುವಂಥದ್ದು) ಇಟ್ಟಿವೆ. ಅಷ್ಟು ದೂರ ಹೋಗದಿದ್ದರೂ ನಮ್ಮ ಕಡತದ ಮೊದಲ ಸಾಲಿನಲ್ಲೇ 'ಹೊಸದು' ಅಥವಾ 'ಬಳಸಿದ್ದು' ಎಂದು ಬರೆದುಕೊಳ್ಳುವುದು ಒಳ್ಳೆಯದು.

ನಂತರ ನಾವೇ ಬೆರೆಸುವವು ಬರುತ್ತವೆ: ಕುಡಿಯುವ ನೀರಿನ ಕೊಳವೆಗೆ ಹಾಕುವ ಬ್ಲೀಚಿಂಗ್ ಪೌಡರ್, ತುಕ್ಕು ತಡೆಯುವ ದ್ರಾವಣ, ಸೋರಿಕೆ ಕಾಣಲೆಂದು ಹಾಕುವ ಹಸಿರು ಬಣ್ಣ. ತುಕ್ಕು ತಡೆಯುವ ದ್ರಾವಣವನ್ನು ಹಾಕದೆ ಆಗುವುದಾದರೆ ಹಾಕಬೇಡಿ ಎಂಬುದು ನನ್ನ ಸಲಹೆ. ಎರಡು ಮೂರು ದಿನ ನಿಲ್ಲುವ ನೀರಿಗೆ ಅದರ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ, ಹಾಕಿದ ಮೇಲೆ ಆ ನೀರನ್ನು ಬಿಡಲು ಜಾಗವೂ ಸಿಗುವುದಿಲ್ಲ.

ಹಳೆಯ ಎಣ್ಣೆ ಟ್ಯಾಂಕನ್ನು ಪರೀಕ್ಷೆಗೆ ಮುಂಚೆಯೇ ಖಾಲಿಮಾಡಿ, ತೊಳೆದು, ಅನಿಲಮುಕ್ತಗೊಳಿಸಿ, ತೊಳೆದ ನೀರನ್ನು ಬೇರೆಯಾಗಿಯೇ ಹಿಡಿದಿಡಬೇಕು. ಹೇಗೂ ನೀರು ತುಂಬುತ್ತೇವಲ್ಲ, ತೊಳೆದದ್ದೂ ಆಯಿತು ಪರೀಕ್ಷೆಯೂ ಆಯಿತು ಎಂಬ ಉಳಿತಾಯದ ಲೆಕ್ಕದಿಂದ ಹತ್ತು ಸಾವಿರ ಲೀಟರ್ ಕೊಳಕು ನೀರು ಆರು ಲಕ್ಷ ಲೀಟರ್ ಕೊಳಕು ನೀರಾಗುತ್ತದೆ.

ಹಂತ 3: ಬಿಡುವ ಜಾಗವನ್ನು ನಿರ್ಧರಿಸಿ

ಮೊದಲ ಆಯ್ಕೆ ಮರುಬಳಕೆ. ಒಂದು ಭಾಗದ ಕೊಳವೆಯ ನೀರನ್ನು ಮುಂದಿನ ಭಾಗಕ್ಕೆ, ಒಂದು ಟ್ಯಾಂಕಿನದನ್ನು ಪಕ್ಕದ ಟ್ಯಾಂಕಿಗೆ ಸಾಗಿಸಿದರೆ ಹೊರಬಿಡುವ ಪ್ರಮಾಣವೇ ಇಳಿಯುತ್ತದೆ. ಆದರೆ ಪ್ರತಿ ಬಾರಿಯೂ ತುಕ್ಕು ಕೂಡುತ್ತಾ ಹೋಗುವುದರಿಂದ ಪ್ರತಿ ವರ್ಗಾವಣೆಗೂ ಮುನ್ನ ನೀರನ್ನು ಪರೀಕ್ಷಿಸಬೇಕು.

ಎರಡನೆಯದು ಭೂಮಿಗೆ ಹಾಯಿಸುವುದು. ಇಲ್ಲಿ ಅಡ್ಡಾದಿಡ್ಡಿ ಅಂದಾಜು ಹೆಚ್ಚು. 70 ಘನ ಮೀಟರ್ ನೀರನ್ನು ಒಂದು ಎಕರೆಗೆ ಸಮನಾಗಿ ಹರಡಿದರೆ 17 ಮಿ.ಮೀ. ಮಳೆಯಾದಂತೆ, ಮಣ್ಣು ಸುಲಭವಾಗಿ ಕುಡಿಯುತ್ತದೆ. 628 ಘನ ಮೀಟರನ್ನು ಅದೇ ಎಕರೆಗೆ ಬಿಟ್ಟರೆ 155 ಮಿ.ಮೀ., ಅಂದರೆ ಜುಲೈ ತಿಂಗಳ ಜಡಿಮಳೆ ಒಂದೇ ಜಾಗದಲ್ಲಿ ಸುರಿದಂತೆ. ಕಾಫಿಗೆ ಸ್ಪ್ರಿಂಕ್ಲರ್‌ನಲ್ಲಿ ಹೂಮಳೆ ಕೊಡುವಾಗ ಒಂದು ಇಂಚಿನ ಆಸುಪಾಸು ನೀರು ಹಾಯಿಸುತ್ತೇವಲ್ಲ, ಆ ಅಳತೆಯನ್ನೇ ಇಟ್ಟುಕೊಂಡರೆ ಈ ಟ್ಯಾಂಕಿನ ನೀರಿಗೆ ಐದಾರು ಎಕರೆ ಬೇಕು. ಕ್ಲೋರಿನ್ ಅಥವಾ ಎಣ್ಣೆಯ ಅಂಶವಿರುವ ನೀರನ್ನು ಯಾವ ತೋಟಕ್ಕೂ ಬಿಡಬಾರದು. ಬಾವಿ, ಬೋರ್‌ವೆಲ್‌ಗಳ ಹತ್ತಿರವೂ ಬೇಡ. ತೋಟದ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಮೂರನೆಯದು ಒಳಚರಂಡಿ. ಇದಕ್ಕೆ ನಗರ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಬೇಕು, ಮತ್ತು ಎಷ್ಟು ಗಂಟೆಗೆ ಎಷ್ಟು ನೀರು ಎಂಬುದನ್ನು ಅವರೇ ಹೇಳಬೇಕು. ರಸ್ತೆ ಬದಿಯ ಮಳೆನೀರಿನ ಚರಂಡಿ ಒಳಚರಂಡಿಯಲ್ಲ. ಅದು ನೇರವಾಗಿ ಕೆರೆಗೆ ಹೋಗುತ್ತದೆ.

ಹಳ್ಳ, ಹೊಳೆ, ಕೆರೆ ಕೊನೆಯ ಆಯ್ಕೆ. ನಮ್ಮ ಭಾಗದಲ್ಲಿ ಇದಕ್ಕೊಂದು ಹೆಚ್ಚುವರಿ ಎಚ್ಚರಿಕೆ ಬೇಕು. ಯಗಚಿ ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಭದ್ರೆಯೂ ವೇದಾವತಿಯೂ ತುಂಗಭದ್ರೆಯ ಮೂಲಕ ಕೃಷ್ಣೆಗೆ ಸೇರುತ್ತವೆ. ಸಕಲೇಶಪುರದ ಘಟ್ಟದ ಅಂಚಿನ ಹಳ್ಳಗಳು ಪಶ್ಚಿಮಕ್ಕಿಳಿದು ನೇತ್ರಾವತಿಯ ಪಾಲಾಗುತ್ತವೆ. ಒಂದು ಗುಡ್ಡ ದಾಟಿದ ಕೊಳವೆ ಎರಡು ನದಿ ಕಣಿವೆಗಳಲ್ಲಿ ಕಾಲಿಟ್ಟಿರಬಹುದು. ಒಂದು ಕಣಿವೆಯ ನೀರನ್ನು ತುಂಬಿ ಇನ್ನೊಂದರಲ್ಲಿ ಬಿಟ್ಟರೆ ಕಳೆಗಿಡ, ಜಲಜೀವಿ, ರೋಗಾಣುಗಳೂ ಜೊತೆಗೆ ಸಾಗುತ್ತವೆ. ತಂದ ಕಣಿವೆಗೇ ಹಿಂದಿರುಗಿಸಿ.

ಹಂತ 4: ಅನುಮತಿ ಪಡೆಯಿರಿ

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 24ನೇ ಪ್ರಕರಣ ಹೊಳೆಗಾಗಲೀ ಬಾವಿಗಾಗಲೀ ಮಾಲಿನ್ಯಕಾರಕ ವಸ್ತುವನ್ನು ಬಿಡುವುದನ್ನು ನಿಷೇಧಿಸುತ್ತದೆ. 25ನೇ ಪ್ರಕರಣ ಹೊಸ ವಿಸರ್ಜನೆಗೆ ಮುಂಚಿತ ಸಮ್ಮತಿ ಬೇಕೆನ್ನುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಪತ್ರ ಬರೆಯುವಾಗ ನೀರಿನ ಮೂಲ, ಪ್ರಮಾಣ, ಬೆರೆಸುವ ವಸ್ತುಗಳು, ಬಿಡುವ ಜಾಗದ ನಕ್ಷೆ, ಗಂಟೆಗೆ ಎಷ್ಟು ನೀರು, ಯಾವ ದಿನಾಂಕ ಎಂಬ ಆರು ವಿವರಗಳು ಒಂದೇ ಪುಟದಲ್ಲಿರಲಿ. ಉದ್ಯಮಕ್ಕೆ ಈಗಾಗಲೇ ಸಮ್ಮತಿ ಪತ್ರವಿದ್ದರೆ ಅದರ ಷರತ್ತುಗಳನ್ನು ಮೊದಲು ಓದಿ. ಆವರಣದಿಂದ ಹನಿ ನೀರನ್ನೂ ಹೊರಬಿಡಬಾರದೆಂಬ ಷರತ್ತು ಅದರಲ್ಲಿದ್ದರೆ ಪರೀಕ್ಷೆಯ ನೀರಿಗೂ ಅದು ಅನ್ವಯಿಸುತ್ತದೆ.

ಕಾಲುವೆ ಅಥವಾ ಕೆರೆಯಿಂದ ನೀರೆತ್ತಲು ಆ ಜಲಮೂಲದ ಒಡೆತನವಿರುವ ಇಲಾಖೆ ಅಥವಾ ಪಂಚಾಯಿತಿಯ ಒಪ್ಪಿಗೆ, ಅರಣ್ಯದೊಳಗಿನ ಹಳ್ಳಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ಹಂತ 5: ಸಾಮಗ್ರಿಯನ್ನು ಮೊದಲೇ ಸ್ಥಳಕ್ಕೆ ತನ್ನಿ

ಸೋಸುವ ಬಟ್ಟೆಯ ದೊಡ್ಡ ಚೀಲ, 40 ಮಿ.ಮೀ. ಜಲ್ಲಿ, ಮರಳು ಚೀಲ, ಒಣಹುಲ್ಲಿನ ಕಟ್ಟು, ದಪ್ಪ ತಾರ್ಪಾಲು, ಸಾಕಷ್ಟು ಉದ್ದದ ಹೋಸ್, 200 ಲೀಟರಿನ ಖಾಲಿ ಡ್ರಮ್, ಪಿಎಚ್ ಮಾಪಕ, ಕ್ಲೋರಿನ್ ಕಿಟ್, ಎಣ್ಣೆ ಹೀರುವ ಪ್ಯಾಡ್, ಗಾಜಿನ ಮತ್ತು ಪ್ಲಾಸ್ಟಿಕ್ಕಿನ ಮಾದರಿ ಬಾಟಲಿ ಇಷ್ಟು ಕಡ್ಡಾಯ. ಪ್ರತಿ ಬಾರಿಯೂ ಮರೆತುಹೋಗುವುದು ಡ್ರಮ್.

ಹಂತ 6: ತುಂಬುವಾಗ

ತುಂಬುವ ನೀರಿನದೇ ಒಂದು ಮಾದರಿಯನ್ನು ಮೊದಲು ತೆಗೆದಿಡಿ. ಮೂಲದಲ್ಲೇ ಕಬ್ಬಿಣ ಅಥವಾ ಕೆಸರು ಹೆಚ್ಚಿದ್ದರೆ ಅದಕ್ಕೆ ನೀವು ಹೊಣೆಯಲ್ಲವೆಂದು ತೋರಿಸಲು ಬೇರೆ ದಾರಿಯಿಲ್ಲ. ಹೀರುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಮೀನುಮರಿಗಳು ಟ್ಯಾಂಕ್ ಸೇರಬಾರದು. ಕೊಳವೆಯೊಳಗಿನ ಮಣ್ಣನ್ನು ತುಂಬುವುದಕ್ಕೆ ಮುಂಚೆಯೇ ಗುಡಿಸಿ ತೆಗೆದರೆ ಹಂತ 10ರ ಅರ್ಧ ಕೆಲಸ ಉಳಿಯುತ್ತದೆ. ಪರೀಕ್ಷೆ ಮುಗಿದ ನೀರನ್ನು ವಾರಗಟ್ಟಲೆ ನಿಲ್ಲಿಸಬೇಡಿ. ಆಮ್ಲಜನಕ ತೀರಿದ ಮೇಲೆ ಗಂಧಕದ ಬ್ಯಾಕ್ಟೀರಿಯಾ ಬೆಳೆದು ನೀರು ಕಪ್ಪಾಗುತ್ತದೆ, ಉಕ್ಕಿಗೂ ಗುಳಿ ಬೀಳುತ್ತದೆ.

ಹಂತ 7: ಬಿಡುವ ಮುಂಚೆ ಮಾದರಿ ಪರೀಕ್ಷೆ

ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಆರನೆಯ ಅನುಸೂಚಿಯ ಸಾಮಾನ್ಯ ಮಿತಿಗಳ ಪ್ರಕಾರ ಹೊಳೆ ಕೆರೆಗಳಿಗೆ ಬಿಡುವ ನೀರಿನ ಪಿಎಚ್ 5.5ರಿಂದ 9ರೊಳಗಿರಬೇಕು, ಲೀಟರಿಗೆ ತೇಲುವ ಕಣಗಳು 100 ಮಿ.ಗ್ರಾಂ., ಎಣ್ಣೆ ಮತ್ತು ಜಿಡ್ಡು 10 ಮಿ.ಗ್ರಾಂ., ಕಬ್ಬಿಣ 3 ಮಿ.ಗ್ರಾಂ., ಉಳಿಕೆ ಕ್ಲೋರಿನ್ 1 ಮಿ.ಗ್ರಾಂ., ರಾಸಾಯನಿಕ ಆಮ್ಲಜನಕ ಬೇಡಿಕೆ (ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ತಗಲುವ ಆಮ್ಲಜನಕ) 250 ಮಿ.ಗ್ರಾಂ. ಮೀರಬಾರದು. ನೀರಾವರಿಗೆ ಭೂಮಿಗೆ ಬಿಡುವುದಾದರೆ ತೇಲುವ ಕಣಗಳಿಗೆ 200, ಒಳಚರಂಡಿಗಾದರೆ 600 ಮಿ.ಗ್ರಾಂ.ವರೆಗೆ ಅವಕಾಶವಿದೆ, ಒಳಚರಂಡಿಗೆ ಎಣ್ಣೆಯ ಮಿತಿ 20 ಮಿ.ಗ್ರಾಂ. ಮಂಡಳಿಯ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಅಂಕಿಯಿದ್ದರೆ ಅದೇ ಅಂತಿಮ.

ಎಣ್ಣೆಯ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ನೇರವಾಗಿ ಹಿಡಿಯಬೇಕು. ಅದೇ ನೀರಿನಿಂದ ಬಾಟಲಿಯನ್ನು ಜಾಲಾಡಿಸಿದರೆ ಎಣ್ಣೆ ಗಾಜಿಗಂಟಿ ಲೆಕ್ಕ ತಪ್ಪುತ್ತದೆ. ಪ್ರಯೋಗಾಲಯ ಕೊಟ್ಟ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, ಐಸ್ ಪೆಟ್ಟಿಗೆಯಲ್ಲಿ ಕಳುಹಿಸಿ. ಟ್ಯಾಂಕಿನ ಮೇಲ್ಭಾಗ, ಮಧ್ಯ, ತಳ ಮೂರೂ ಕಡೆಯಿಂದ ಬೇರೆ ಬೇರೆ ಮಾದರಿ ಬೇಕು.

ಕಣ್ಣಿಗೆ ತಿಳಿಯಾಗಿ ಕಾಣುವ ನೀರನ್ನು ನಂಬಬೇಡಿ. ಉಕ್ಕಿನೊಳಗೆ ಕೆಲವು ದಿನ ನಿಂತ ನೀರನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು ಮೇಜಿನ ಮೇಲೆ ಮುಚ್ಚಳ ತೆರೆದಿಡಿ. ಹಿಡಿದಾಗ ಫಿಲ್ಟರ್ ನೀರಿನಂತೆ ಹೊಳೆಯುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ಮೇಲಿನಿಂದ ತಿಳಿ ಹಳದಿಯಾಗಿ, ಮರುದಿನ ಬೆಳಿಗ್ಗೆ ತಳದಲ್ಲಿ ಬೆರಳಿನಷ್ಟು ದಪ್ಪ ಕಾವಿ ಬಣ್ಣದ ಹಿಂಜಿದ ಹತ್ತಿಯಂಥ ಪದರ ಕೂತಿರುತ್ತದೆ. ಕರಗಿದ ಕಬ್ಬಿಣ ಗಾಳಿ ತಾಗಿದ ಮೇಲಷ್ಟೇ ತುಕ್ಕಾಗಿ ಕಾಣಿಸಿಕೊಳ್ಳುತ್ತದೆ. ಇಂಥ ನೀರು ಸೋಸುವ ಚೀಲವನ್ನು ಸಲೀಸಾಗಿ ದಾಟಿ, ಹಳ್ಳದಲ್ಲಿ ಕೆಂಪಾಗುತ್ತದೆ. ಇದಕ್ಕೆ ಮೊದಲು ಜಲ್ಲಿ ಕಲ್ಲುಗಳ ಮೇಲೆ ತೆಳುವಾಗಿ ಹರಿಸಿ ಗಾಳಿ ತಾಗಿಸಬೇಕು, ಆಮೇಲೆ ತಾರ್ಪಾಲು ಹೊದಿಸಿದ ಗುಂಡಿಯಲ್ಲಿ ನಿಲ್ಲಿಸಬೇಕು, ಸೋಸುವುದು ಕೊನೆಗೆ.

ಹಂತ 8: ಕ್ಲೋರಿನ್ ಇದ್ದರೆ ಕಳೆಯಿರಿ

ಕಾನೂನಿನ ಮಿತಿ 1 ಮಿ.ಗ್ರಾಂ. ಆದರೂ ಮೀನಿಗೆ 0.02 ಮಿ.ಗ್ರಾಂ. ಆಸುಪಾಸಿನ ಕ್ಲೋರಿನ್ ಕೂಡ ಅಪಾಯಕಾರಿ. ಶೃಂಗೇರಿಯ ತುಂಗಾ ಘಟ್ಟದಲ್ಲಿ ಮೀನುಗಳನ್ನು ನೋಡಿದ ಯಾರೂ ಈ ಅಂತರವನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಹೊಳೆಗೆ ಬಿಡುವುದಾದರೆ ಕಿಟ್‌ನಲ್ಲಿ ಬಣ್ಣವೇ ಬಾರದಷ್ಟು ಇಳಿಸಿ.

ಲೆಕ್ಕ ಸರಳ: ಒಂದು ಘನ ಮೀಟರ್ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಇದ್ದರೆ ಒಟ್ಟು 1 ಗ್ರಾಂ ಕ್ಲೋರಿನ್. 70 ಘನ ಮೀಟರಿನಲ್ಲಿ 25 ಮಿ.ಗ್ರಾಂ. ಉಳಿದಿದ್ದರೆ 1,750 ಗ್ರಾಂ. ಹೈಪೋ ಎಂದು ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟನ್ನು ಇದರ ಒಂದೂವರೆಯಿಂದ ಎರಡು ಪಟ್ಟು, ಅಂದರೆ 2.6ರಿಂದ 3.5 ಕೆ.ಜಿ. ಕರಗಿಸಿ ಹೊರಬರುವ ಹರಿವಿಗೆ ಸಮನಾಗಿ ಸೇರಿಸುತ್ತಾ ಹೋಗಬೇಕು. ಮೊದಲು ಒಂದು ಬಕೆಟ್ ನೀರಿನಲ್ಲಿ ಪ್ರಮಾಣವನ್ನು ಪರೀಕ್ಷಿಸಿ ನೋಡಿ. ಹೆಚ್ಚಾದರೆ ತೊಂದರೆಯಿಲ್ಲವೆಂದು ಸುರಿಯಬೇಡಿ. ಇಂಥ ರಾಸಾಯನಿಕಗಳು, ಅದರಲ್ಲೂ ಸೋಡಿಯಂ ಸಲ್ಫೈಟ್, ಮಿಕ್ಕಿದರೆ ಹಳ್ಳದ ನೀರಿನ ಆಮ್ಲಜನಕವನ್ನು ಕಬಳಿಸುತ್ತವೆ.

ಪದೇಪದೇ ಎಡವುವ ಜಾಗ ಇನ್ನೊಂದಿದೆ. ಗುಲಾಬಿ ಬಣ್ಣ ಬರುವ ಕ್ಲೋರಿನ್ ಕಿಟ್‌ಗೆ ಅತಿ ಹೆಚ್ಚು ಕ್ಲೋರಿನ್ ಇರುವ ನೀರು ಹಾಕಿದರೆ ಬಣ್ಣ ಮಿಂಚಿ ಮಾಯವಾಗುತ್ತದೆ, ನೋಡಿದವರು 'ಸೊನ್ನೆ' ಎಂದು ಬರೆದುಕೊಳ್ಳುತ್ತಾರೆ. ಬ್ಲೀಚಿಂಗ್ ಪೌಡರ್ ಹಾಕಿದ ಕೊಳವೆಯಲ್ಲಿ ಸೊನ್ನೆ ಬಂದರೆ ಮಾದರಿಯನ್ನು ಹತ್ತು ಪಟ್ಟು ಶುದ್ಧ ನೀರಿನಲ್ಲಿ ತೆಳುವಾಗಿಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಹಂತ 9: ಒತ್ತಡ ಇಳಿಸಿ, ಗಾಳಿಗೆ ದಾರಿ ಮಾಡಿ

ಟ್ಯಾಂಕಿನ ಡ್ರೈನ್ ವಾಲ್ವ್ ಮುಟ್ಟುವ ಮುನ್ನ ಒಬ್ಬರು ಮೇಲೆ ಹತ್ತಿ ಚಾವಣಿಯ ಮ್ಯಾನ್‌ಹೋಲ್ ತೆರೆದಿದೆಯೆಂದು ಕಣ್ಣಾರೆ ನೋಡಿ ಹೇಳಬೇಕು. ತೆಳು ತಗಡಿನ ಟ್ಯಾಂಕ್ ಒಳಗಿನಿಂದ ತಳ್ಳುವ ಟನ್‌ಗಟ್ಟಲೆ ನೀರನ್ನು ತಡೆದುಕೊಳ್ಳುತ್ತದೆ, ಆದರೆ ಕೆಲವೇ ಸೆಂಟಿಮೀಟರ್ ನೀರಿನ ಕಂಬದಷ್ಟು ನಿರ್ವಾತಕ್ಕೆ ಹಿಂಡಿದ ಡಬ್ಬಿಯಂತೆ ಒಳಕ್ಕೆ ಕುಸಿಯುತ್ತದೆ. ಮಳೆ ಬಂತೆಂದು ವೆಂಟ್‌ಗೆ ಪ್ಲಾಸ್ಟಿಕ್ ಕಟ್ಟಿರುವುದೂ ಉಂಟು.

ಮಲೆನಾಡಿನ ಕೊಳವೆಗಳಿಗೆ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆ ಒಂದು ಕೆಲಸದಲ್ಲಿ ಪಂಪ್‌ನ ಬಳಿ, ಗುಡ್ಡದ ಮೇಲಿದ್ದ ಗೇಜ್ ಸೊನ್ನೆ ತೋರಿಸುತ್ತಿತ್ತು. ನಾನೇ 'ಒತ್ತಡ ಹೋಗಿದೆ, ಬಿಡಿ' ಎಂದು ಫೋನಿನಲ್ಲಿ ಹೇಳಿದೆ. ಕೊಳವೆಯ ಕೆಳತುದಿ ಅಲ್ಲಿಂದ 80 ಮೀಟರ್ ತಗ್ಗಿನಲ್ಲಿತ್ತು. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಕೊಡುವುದರಿಂದ ಕೆಳಗಿನ ವಾಲ್ವ್‌ನ ಮೇಲೆ ಇನ್ನೂ 8 ಕೆ.ಜಿ. ಕುಳಿತಿತ್ತು. ವಾಲ್ವ್ ತೆರೆದಾಗ ಹೋಸ್ ಹಾವಿನಂತೆ ಎದ್ದು ಬಡಿಯಿತು, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕೊಳವೆ ಹೂತು ಹೊಸದಾಗಿ ಮುಚ್ಚಿದ ಕಾಲುವೆಯ ಮಣ್ಣು ಕೊಚ್ಚಿ ಕೆಳಗಿನ ತೋಟದ ಒಂದು ಸಾಲು ಕಾಫಿ ಸಸಿಗಳ ಬುಡ ಬಯಲಾಯಿತು. ಗೇಜನ್ನು ಬಿಡುವ ತುದಿಯಲ್ಲೇ ಓದಬೇಕು. ಮೇಲಿನ ಏರ್ ವಾಲ್ವ್‌ಗಳನ್ನು ತೆರೆದು, ಮೇಲಿನ ಭಾಗದಿಂದ ಆರಂಭಿಸಿ ತುಂಡುತುಂಡಾಗಿ ಖಾಲಿ ಮಾಡಿ, ಹೋಸ್‌ನ ಬಾಯಿಯನ್ನು ಗೂಟಕ್ಕೆ ಕಟ್ಟಿ.

ಹಂತ 10: ನಿಧಾನವಾಗಿ ಬಿಡಿ, ಪಕ್ಕದಲ್ಲೇ ನಿಲ್ಲಿ

ಹರಿವನ್ನು ಡ್ರಮ್‌ನಿಂದ ಅಳೆಯಿರಿ. 200 ಲೀಟರ್ ಡ್ರಮ್ 20 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 36 ಘನ ಮೀಟರ್. ಆ ವೇಗದಲ್ಲಿ 628 ಘನ ಮೀಟರ್ ಖಾಲಿಯಾಗಲು 17 ಗಂಟೆಗೂ ಹೆಚ್ಚು ಬೇಕು. ನೀರಿನ ಮಟ್ಟ ನಾಲ್ಕನೇ ಒಂದಕ್ಕಿಳಿದಾಗ ವಾಲ್ವ್ ಮುಟ್ಟದಿದ್ದರೆ ಹರಿವು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಕನಿಷ್ಠ ಎರಡು ಹಗಲು ಇಟ್ಟುಕೊಳ್ಳಿ. ರಾತ್ರಿ ಬಿಡಬೇಡಿ, ಕತ್ತಲಲ್ಲಿ ನೀರಿನ ಬಣ್ಣ ಕಾಣುವುದಿಲ್ಲ, ಮತ್ತು ಊರಿನವರು ಅದನ್ನು ಕದ್ದು ಬಿಟ್ಟದ್ದೆಂದೇ ತಿಳಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಮೊದಲೇ ನೆನೆದಿರುವುದರಿಂದ ಭೂಮಿಗೆ ಬಿಡುವ ಯೋಜನೆಯನ್ನು ಕೈಬಿಡುವುದೇ ಲೇಸು.

ನೀರು ಮೊದಲು ಜಲ್ಲಿಯ ಹಾಸಿನ ಮೇಲೆ ಬಿದ್ದು ರಭಸ ಕಳೆದುಕೊಳ್ಳಬೇಕು, ನಂತರ ಸಮತಟ್ಟಾದ ಜಾಗದಲ್ಲಿಟ್ಟ ಸೋಸುವ ಚೀಲ ದಾಟಬೇಕು, ಆಮೇಲೆ ಹುಲ್ಲಿನ ಕಟ್ಟುಗಳ ಸಾಲು ದಾಟಿ ಹುಲ್ಲುನೆಲದ ಮೇಲೆ ಹರಡಿ ಹೋಗಬೇಕು. ಮೊದಲ ಕೆಲವು ನಿಮಿಷಗಳ ನೀರನ್ನೂ, ಟ್ಯಾಂಕಿನ ತಳದ ಕೊನೆಯ ಒಂದು ಗೇಣು ನೀರನ್ನೂ, ಪಿಗ್ (ಕೊಳವೆಯೊಳಗೆ ಸಾಗುತ್ತಾ ನೀರು, ಕೊಳೆಯನ್ನು ಹೊರದೂಡುವ ಸಾಧನ) ತಳ್ಳಿಕೊಂಡು ಬರುವ ಮುಂಭಾಗದ ನೀರನ್ನೂ ಬೇರೆ ಗುಂಡಿಗೆ ಹಿಡಿಯಿರಿ. ಕೊಳೆಯ ಬಹುಪಾಲು ಇವುಗಳಲ್ಲೇ ಇರುತ್ತದೆ. ಆರಂಭ, ಮಧ್ಯ, ಕೊನೆಯಲ್ಲಿ ಒಂದೊಂದು ಮಾದರಿ ತೆಗೆಯಿರಿ.

ಕೆಳಗಿನ ಯಾವುದೇ ಲಕ್ಷಣ ಕಂಡರೆ ಯಾರ ಅಪ್ಪಣೆಗೂ ಕಾಯದೆ ವಾಲ್ವ್ ಮುಚ್ಚಬೇಕು. ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಹರಡಿದರೆ ಎಣ್ಣೆ ಇದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೈಡ್ರೋಜನ್ ಸಲ್ಫೈಡ್. ನೀರಿಗಿಂತ ಮೊದಲು ಜನರನ್ನು ದೂರ ಕಳುಹಿಸಿ. ಹಾಲಿನಂತೆ ಬೆಳ್ಳಗಾಗಿ ನಿಮಿಷದೊಳಗೆ ತಿಳಿಯಾದರೆ ಅದು ಬರಿಯ ಗಾಳಿ, ಹಾಗೆಯೇ ಬೆಳ್ಳಗಿದ್ದರೆ ಸಣ್ಣ ಹನಿಗಳಾಗಿ ಬೆರೆತ ಎಣ್ಣೆ ಅಥವಾ ರಾಸಾಯನಿಕ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಕುಸಿದಿದೆ. ಹುಲ್ಲುನೆಲದಲ್ಲಿ ನೀರು ಹರಡದೆ ಗೆರೆ ಕೊರೆಯಲು ತೊಡಗಿದರೆ ಹರಿವು ಹೆಚ್ಚಾಗಿದೆ. ಶುದ್ಧ ನೀರು ಬೆರೆಸಿ ತೆಳುವಾಗಿಸುವುದು ಇವ್ಯಾವುದಕ್ಕೂ ಪರಿಹಾರವಲ್ಲ. ಕೊಳೆ ಅಷ್ಟೇ ಇರುತ್ತದೆ, ನೀರು ಮಾತ್ರ ಹೆಚ್ಚುತ್ತದೆ.

ಹಂತ 11: ಉಳಿದ ಕೆಸರು ಮತ್ತು ಕಡತ

ಹೊಸ ಟ್ಯಾಂಕಿನ ತಳದ ತುಕ್ಕು ಕೆಸರನ್ನು ಒಣಗಿಸಿ, ಪರೀಕ್ಷಿಸಿ, ಮಂಡಳಿ ಹೇಳಿದ ಜಾಗಕ್ಕೆ ಕಳುಹಿಸಬಹುದು. ಪೆಟ್ರೋಲಿಯಂ ಟ್ಯಾಂಕಿನ ಎಣ್ಣೆ ಕೆಸರು ಮತ್ತು ತೊಳೆದ ನೀರು ಹಾಗಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಅವು ಸೇರಿವೆ. ಅವನ್ನು ಮುಚ್ಚಿದ ಡ್ರಮ್‌ಗಳಲ್ಲಿ, ಚೀಟಿ ಅಂಟಿಸಿ, 90 ದಿನ ಮೀರದಂತೆ ಇಟ್ಟು, ಅಧಿಕೃತ ವಿಲೇವಾರಿದಾರರಿಗೆ ನಮೂನೆ 10ರ ರವಾನೆ ಪತ್ರದೊಂದಿಗೆ ಕೊಡಬೇಕು. ಕೆಸರು ತೆಗೆಯಲು ಟ್ಯಾಂಕಿನೊಳಗೆ ಇಳಿಯುವವರಿಗೆ ಆಮ್ಲಜನಕ ಮತ್ತು ಅನಿಲದ ಅಳತೆ, ಹೊರಗೆ ಹಗ್ಗ ಹಿಡಿದು ನಿಂತ ಒಬ್ಬರು, ಇವೆರಡೂ ಇಲ್ಲದೆ ಯಾರೂ ಇಳಿಯಬಾರದು.

ಕಡತದಲ್ಲಿ ಮೂಲ ನೀರಿನ ವರದಿ, ಅನುಮತಿ ಪತ್ರಗಳು, ಗಂಟೆಗೊಮ್ಮೆ ಬರೆದ ಹರಿವು, ಪಿಎಚ್ ಮತ್ತು ಕ್ಲೋರಿನ್ ಅಂಕಿಗಳು, ಹೊರಬಿಟ್ಟ ಮೂರೂ ಮಾದರಿಗಳ ವರದಿ, ಜಾಗದ ಮುಂಚಿನ ಮತ್ತು ನಂತರದ ಫೋಟೋಗಳು ಇರಲಿ. ವಾಲ್ವ್ ಮುಚ್ಚಿಸಿದ್ದರೆ ಅದನ್ನೂ ಕಾರಣದ ಸಮೇತ ಬರೆಯಿರಿ. ಸೋಸುವ ಚೀಲವನ್ನು ಬಿಚ್ಚುವಾಗ ಹಳ್ಳದ ಕಡೆಯಿಂದಲ್ಲ, ಮೇಲ್ಭಾಗದಿಂದ ಬಿಚ್ಚಿ. ಒಳಗೆ ಹಿಡಿದಿಟ್ಟ ಮಣ್ಣೆಲ್ಲ ಕೊನೆಯ ಗಳಿಗೆಯಲ್ಲಿ ಜಾರಿ ನೀರು ಸೇರುವುದು ಈ ಹೊತ್ತಿನಲ್ಲೇ.